ಪದಚರ್ಚೆ: ಎಕ್ಸೋಪಾಲಿಫಾಸ್ಫಟೇಸ್‌ಗೆ ‘ವಿಘಟಕ’ ಸಾಕೇ, ‘ತುದಿಗಳಚು’ ಬೇಕೇ?

ಎಲ್ಲರಿಗೂ ನಮಸ್ಕಾರ.

ಒಂದು ಕಿಣ್ವದ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳೋಣ ಎಂದು ಕೇಳಲು ಬರೆಯುತ್ತಿದ್ದೇನೆ. ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರಿಗಾಗಿ ಮಣ್ಣಿನ ಶಿಲೀಂಧ್ರಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ಅದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರು, ಮಣ್ಣು, ಗೊಬ್ಬರದ ಮಾತೆಲ್ಲ ಸಲೀಸಾಗಿ ಬಂತು. ಕೈ ನಿಂತದ್ದು ಒಂದೇ ಕಡೆ. ಜೀವಕೋಶದೊಳಗೆ ಪಾಲಿಫಾಸ್ಫೇಟನ್ನು ಒಡೆಯುವ ಕಿಣ್ವ ಒಂದಿದೆ, ಎಕ್ಸೋಪಾಲಿಫಾಸ್ಫಟೇಸ್ ಎಂದು ಅದರ ಹೆಸರು. ಕರಡಿನಲ್ಲಿ ಅದು ‘ಪಾಲಿಫಾಸ್ಫೇಟ್ ವಿಘಟಕ ಕಿಣ್ವ’ ಆಗಿದೆ. ವ್ಯಾಕರಣಕ್ಕೆ ತಪ್ಪಿಲ್ಲ. ಆದರೆ ಆ ಕಿಣ್ವ ಏನು ಮಾಡುತ್ತದೋ ಅದರಲ್ಲಿ ಅರ್ಧ ಈ ಹೆಸರಿನಿಂದ ಜಾರಿಹೋಗಿದೆ. ಒಡೆಯುತ್ತದೆ ಎಂದಷ್ಟೇ ಹೇಳಿದರೆ ಸಾಲದು, ಹೇಗೆ ಒಡೆಯುತ್ತದೆ ಎನ್ನುವುದೂ ಹೆಸರಲ್ಲೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಪಾಲಿಫಾಸ್ಫೇಟ್ ಎಂದರೇನು ನೋಡೋಣ. ನಡುವೆ ಒಂದು ರಂಜಕದ ಪರಮಾಣು, ಸುತ್ತ ನಾಲ್ಕು ಆಮ್ಲಜನಕ, ಇದು ಒಂದು ಫಾಸ್ಫೇಟ್. ಇಂಥವು ಪಕ್ಕದ್ದರ ಜೊತೆ ಒಂದು ಆಮ್ಲಜನಕವನ್ನು ಹಂಚಿಕೊಂಡು ಸಾಲಾಗಿ ಸೇರಿದರೆ ಪಾಲಿಫಾಸ್ಫೇಟ್. ಕವಲಿಲ್ಲದ ನೇರ ಸರಪಳಿ. ಕೆಲವೇ ಕೊಂಡಿ ಇರಬಹುದು, ನೂರಾರು ಇರಬಹುದು, ಸಾವಿರದ ಹತ್ತಿರವೂ ಹೋಗಬಹುದು. ಕೊಂಡಿ ಕೊಂಡಿಯ ನಡುವಿನ ಬಂಧ ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಅಣುವಿನ ಫಾಸ್ಫೇಟುಗಳ ನಡುವೆ ಇರುವಂಥದ್ದೇ. ಬ್ಯಾಕ್ಟೀರಿಯಾ, ಯೀಸ್ಟ್, ಗಿಡ, ಪ್ರಾಣಿ, ಎಲ್ಲದರಲ್ಲೂ ಇದು ಸಿಕ್ಕಿದೆ. ನಮ್ಮ ರಕ್ತದ ಪ್ಲೇಟ್ಲೆಟ್‌ಗಳಲ್ಲೂ ಇದೆ. ಗಾಯವಾದಾಗ ಹೊರಬಂದು ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ.

ಇದಕ್ಕೆ ‘ಬಹುರಂಜಕ’ ಎಂದು ಬರೆದದ್ದನ್ನೂ ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ರಂಜಕ ಮೂಲವಸ್ತುವಿನ ಹೆಸರು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಂದು ಬರೆದಿರುತ್ತದಲ್ಲ, ಅಲ್ಲಿ ಅದು ಸರಿ. ಜೀವಕೋಶದೊಳಗೆ ಬರೀ ರಂಜಕ ಎಂಬುದು ಇರುವುದೇ ಇಲ್ಲ, ಇರುವುದು ಫಾಸ್ಫೇಟ್. ಇನ್ನೊಂದು ವಿಷಯ. ಹಳೆಯ ಕೋವಿಗೆ ಕಿಡಿ ಹತ್ತಿಸಲು ಹಾಕುವ ಮದ್ದಿಗೂ ರಂಜಕ ಎನ್ನುತ್ತಿದ್ದರು. ಕೈಲ್‌ಪೊಳ್ದ್‌ಗೆ ಕೋವಿ ಇಟ್ಟು ಪೂಜೆ ಮಾಡುವ ಊರಿನಲ್ಲಿ ಈ ಅರ್ಥ ಇನ್ನೂ ಕೆಲವು ಹಿರಿಯರ ಕಿವಿಯಲ್ಲಿ ಇರಬಹುದು. ‘ಬಹುರಂಜಕ’ ಎಂದು ಓದಿದರೆ ಅವರಿಗೆ ಏನು ಅನ್ನಿಸೀತು, ಯೋಚಿಸಿ. ‘ಫಾಸ್ಫೇಟ್ ಸರಪಳಿ’ ಎಂದರೆ ಯಾವ ತೊಡಕೂ ಇಲ್ಲ. ಮೊದಲ ಸಲ ‘ಪಾಲಿಫಾಸ್ಫೇಟ್, ಅಂದರೆ ಫಾಸ್ಫೇಟ್ ಸರಪಳಿ’ ಎಂದು ಹೇಳಿ, ಆಮೇಲೆ ಎರಡನ್ನೂ ಬಳಸಬಹುದು.

ಪಾಲಿ ಎಂದರೆ ನಮ್ಮ ಪುತ್ತರಿ ಸುಗ್ಗಿಹಬ್ಬದ ‘ಪೊಲಿ ಪೊಲಿ ದೇವಾ’ದಲ್ಲಿ ಬರುವ ಪೊಲಿಯೇ ಅಲ್ವಾ ಎಂದು ಇಲ್ಲಿ ಒಬ್ಬರು ಕೇಳಿದರು. ಚೆನ್ನಾದ ಪ್ರಶ್ನೆ. ಕದಿರು ಕೊಯ್ಯುವಾಗ ಕೂಗುವ ಪೊಲಿಗೆ ಹೆಚ್ಚಲಿ, ತುಂಬಲಿ ಎಂಬ ಅರ್ಥ. ಪಾಲಿ ಗ್ರೀಕಿನದು, ಹಲವು ಎಂಬ ಅರ್ಥ. ಸದ್ದು ಹತ್ತಿರ, ಅರ್ಥವೂ ಹತ್ತಿರ, ನಂಟು ಮಾತ್ರ ಇಲ್ಲ. ಸುಮ್ನೆ ಹೊಂದುತ್ತದೆ ಎಂದು ಕೈಪಿಡಿಯಲ್ಲಿ ಸೇರಿಸಿದರೆ ನಾಳೆ ಅದೇ ವ್ಯುತ್ಪತ್ತಿಯೆಂದು ಊರೆಲ್ಲ ಹಬ್ಬುತ್ತದೆ. ಹಾಗಾಗಿ ಸೇರಿಸಿಲ್ಲ.

ಈಗ ಕಿಣ್ವಕ್ಕೆ ಬರೋಣ. ಎಕ್ಸೋಪಾಲಿಫಾಸ್ಫಟೇಸ್ ಸರಪಳಿಯ ತುದಿಯನ್ನು ಹಿಡಿಯುತ್ತದೆ. ಒಂದು ನೀರಿನ ಅಣುವನ್ನು ಬಳಸಿ ಕೊನೆಯ ಕೊಂಡಿಯನ್ನು ಬಿಡಿಸುತ್ತದೆ. ಒಂದು ಫಾಸ್ಫೇಟ್ ಹೊರಗೆ ಬರುತ್ತದೆ. ಆಮೇಲೆ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು. ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿರುವ ಕಿಣ್ವವಂತೂ ಉದ್ದ ಸರಪಳಿಯನ್ನು ಒಮ್ಮೆ ಹಿಡಿದರೆ ನಡುವೆ ಕೈಬಿಡುವುದಿಲ್ಲ, ಬಿಡಿಸುತ್ತಲೇ ಹೋಗುತ್ತದೆ. ಈ ಕೆಲಸಕ್ಕೆ ಮೆಗ್ನೀಷಿಯಂ ಬೇಕು. ಯೀಸ್ಟಿನ ಕಿಣ್ವವೂ ಹೀಗೇ ತುದಿಯಿಂದ ಬರುತ್ತದೆ, ಆದರೆ ಕೊನೆಗೆ ಎರಡೇ ಕೊಂಡಿ ಉಳಿದಾಗ ನಿಂತುಬಿಡುತ್ತದೆ. ಆ ಜೋಡಿಗೆ ಪೈರೊಫಾಸ್ಫೇಟ್ ಎಂದು ಹೆಸರು. ಅದನ್ನು ಬಿಡಿಸಲು ಬೇರೆಯೇ ಕಿಣ್ವ ಇದೆ.

ಇದೇ ಸರಪಳಿಯ ಮೇಲೆ ಕೆಲಸ ಮಾಡುವ ಇನ್ನೊಂದು ಬಗೆಯ ಕಿಣ್ವ ಎಂಡೋಪಾಲಿಫಾಸ್ಫಟೇಸ್. ಅದಕ್ಕೆ ತುದಿ ಬೇಕಿಲ್ಲ. ನಡುವೆಯೇ ಕತ್ತರಿಸುತ್ತದೆ. ಉದ್ದ ಸರಪಳಿ ತುಂಡು ತುಂಡಾಗುತ್ತದೆ. ಕರಿಮೆಣಸಿನ ಗೊಂಚಲನ್ನು ಕೈಯಲ್ಲಿ ಹಿಡಿದು ತುದಿಯಿಂದ ಒಂದೊಂದೇ ಕಾಳು ಬಿಡಿಸುತ್ತಾ ಬರುವುದು ಒಂದು ರೀತಿ, ಗೊಂಚಲನ್ನೇ ನಡುವೆ ಮುರಿಯುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ಅಂಗೈಗೆ ಬಿಡಿ ಕಾಳು ಬರುತ್ತದೆ, ಎರಡನೆಯದರಲ್ಲಿ ಎರಡು ಚಿಕ್ಕ ಗೊಂಚಲು ಬರುತ್ತದೆ. ‘ವಿಘಟಕ’ ಎಂಬ ಒಂದೇ ಪದ ಇಟ್ಟುಕೊಂಡರೆ ಈ ಎರಡು ಕಿಣ್ವಗಳನ್ನು ಬೇರೆ ಮಾಡುವುದು ಹೇಗೆ? ‘ಬಾಹ್ಯ ಪಾಲಿಫಾಸ್ಫೇಟ್ ವಿಘಟಕ’, ‘ಅಂತಃ ಪಾಲಿಫಾಸ್ಫೇಟ್ ವಿಘಟಕ’ ಎಂದು ಮಾಡಬಹುದು ಅಂತ ಒಬ್ಬರು ಸೂಚಿಸಿದರು. ಇದು ಇನ್ನೂ ದಾರಿ ತಪ್ಪಿಸುತ್ತದೆ. ಬಾಹ್ಯ ಎಂದರೆ ಜೀವಕೋಶದ ಹೊರಗಿರುವ ಕಿಣ್ವ ಎಂದೇ ಯಾರಾದರೂ ಓದುತ್ತಾರೆ. ಇಲ್ಲಿ ಎಕ್ಸೋ ಎಂದರೆ ಸರಪಳಿಯ ತುದಿ ಅಂತ, ಕೋಶದ ಹೊರಗೆ ಅಂತ ಅಲ್ಲ.

ಹಾಗಾದರೆ ಯಾವ ಕ್ರಿಯಾಪದ? ಇಲ್ಲಿ ನಿಮ್ಮೆಲ್ಲರ ಅಭಿಪ್ರಾಯ ಬೇಕು. ನನ್ನ ಯೋಚನೆ ಹೀಗಿದೆ.

‘ಒಡೆ’ ಎಂದರೆ ಮಡಕೆ ಒಡೆದ ಹಾಗೆ. ಹಾಲೂ ಒಡೆಯುತ್ತದೆ. ಒಡೆದದ್ದು ಮೊದಲಿನ ಉಪಯೋಗಕ್ಕೆ ಬರುವುದಿಲ್ಲ ಎಂಬ ಭಾವ ಅದರಲ್ಲಿದೆ. ‘ಮುರಿ’ಯಲ್ಲಿ ಬಲ ಜಾಸ್ತಿ. ‘ಕಡಿ’ ಎಂದರೆ ಕತ್ತಿ ಬೇಕು, ಮರ ಬೇಕು. ತುದಿ ತೆಗೆಯುವ ಕೆಲಸಕ್ಕೆ ನಮ್ಮ ತೋಟಗಳಲ್ಲಿ ‘ಕಪಾತು’ ಎಂಬ ಒಳ್ಳೆಯ ಪದ ಇದೆ, ಮರ ಕಪಾತು, ಗಿಡ ಕಪಾತು. ಬೆಳೆಗಾರರಿಗೆ ತಕ್ಷಣ ಮುಟ್ಟುತ್ತದೆ. ಆದರೆ ಕಪಾತಿನಲ್ಲಿ ತೆಗೆದದ್ದು ಬೇಡವಾದದ್ದು, ಉಳಿದದ್ದು ಬೇಕಾದದ್ದು. ಈ ಕಿಣ್ವದ ವಿಷಯದಲ್ಲಿ ತೆಗೆದ ಫಾಸ್ಫೇಟೇ ಬೇಕಾದದ್ದು. ಆದ್ದರಿಂದ ಅದೂ ಕೂಡುವುದಿಲ್ಲ.

ಉಳಿದದ್ದು ‘ಕಳಚು’. ಸರದ ಕೊಂಡಿ ಕಳಚುತ್ತದೆ. ಬಳೆ ಕಳಚುತ್ತೇವೆ. ಹಾವು ಪೊರೆ ಕಳಚುತ್ತದೆ. ರೈಲಿನ ಡಬ್ಬಿ ಕಳಚಿಕೊಳ್ಳುತ್ತದೆ. ಈ ಎಲ್ಲ ಬಳಕೆಯಲ್ಲೂ ಕಳಚಿದ ವಸ್ತು ಚೂರಾಗುವುದಿಲ್ಲ, ಇಡಿಯಾಗಿ ಉಳಿಯುತ್ತದೆ. ಫಾಸ್ಫೇಟೂ ಹಾಗೆ ಇಡಿಯಾಗಿ ಹೊರಬರುತ್ತದೆ, ಬಂದದ್ದು ಡಿಎನ್‌ಎಗೆ, ಎಟಿಪಿಗೆ, ಕೋಶದ ಪೊರೆಗೆ ಬಳಕೆಯಾಗುತ್ತದೆ. ಈ ಕ್ರಿಯೆಗೆ ಇದಕ್ಕಿಂತ ಹತ್ತಿರದ ಕನ್ನಡ ಮಾತು ನನಗೆ ಕಾಣಲಿಲ್ಲ.

ಹಾಗಾಗಿ ತುದಿ, ಕಳಚು ಎರಡನ್ನೂ ಸೇರಿಸಿ ‘ತುದಿಗಳಚು ಕಿಣ್ವ’ ಎಂದು ಮಾಡಿದ್ದೇನೆ. ತುದಿಗಾಲು, ಮಳೆಗಾಲ ಇದ್ದ ಹಾಗೆ ಇಲ್ಲೂ ಕಕಾರ ಗಕಾರ ಆಗಿದೆ. ಎಂಡೋ ಬಗೆಗೆ ಮೊದಲು ‘ನಡುಗಡಿ’ ಎಂದುಕೊಂಡೆ. ಅದನ್ನು ಕೇಳಿದ ಕೂಡಲೇ ಗಡಿ, ಎಲ್ಲೆ ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಕೊಡಗಿನಲ್ಲಿ ಗಡಿ ಎಂದರೆ ಕೇರಳದ ಗಡಿ, ಮಾಕುಟ್ಟ, ಕುಟ್ಟ. ಅದಕ್ಕೇ ‘ನಡುಗತ್ತರಿ ಕಿಣ್ವ’ ಎಂದು ಬದಲಿಸಿದೆ. ಕತ್ತರಿ ಎಂದರೆ ಎರಡು ತುಂಡಾಯಿತು ಎಂಬುದು ಮಕ್ಕಳಿಗೂ ಗೊತ್ತಾಗುತ್ತದೆ.

ಕಿಣ್ವ ಎಂಬ ಪದವನ್ನು ಮಾತ್ರ ಬಿಡುವ ಮನಸ್ಸಿಲ್ಲ. ಕೆಲವರು ‘ಎಂಜೈಮ್’ ಸಾಕು ಎನ್ನುತ್ತಾರೆ. ಕಿಣ್ವ ಎಂದರೆ ಸಂಸ್ಕೃತದಲ್ಲಿ ಹೆಂಡ ಹುದುಗಿಸಲು ಹಾಕುವ ಹುದುಗು. ಎಂಜೈಮ್ ಎಂಬ ಹೆಸರನ್ನು 1877ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಕೊಟ್ಟರು. ಗ್ರೀಕಿನಲ್ಲಿ ಅದರ ಅರ್ಥ ‘ಹುದುಗಿನೊಳಗೆ’ ಎಂದೇ. ನಮ್ಮ ಕಿಣ್ವ ಪಠ್ಯಪುಸ್ತಕದಲ್ಲಿ ಆಗಲೇ ಕುಳಿತಿದೆ, ಎಸ್‌ಎಸ್‌ಎಲ್‌ಸಿ ಮುಟ್ಟಿದ ಯಾರಿಗೂ ಹೊಸದಲ್ಲ. ಫಾಸ್ಫೇಟ್ ಮತ್ತು ಫಾಸ್ಫಟೇಸ್ ಎರಡೂ ಒಂದೇ ಸಾಲಿನಲ್ಲಿ ಬಂದರೆ ಓದುವವರಿಗೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಕೊನೆಯ ‘ಏಸ್’ ಎಂದರೆ ಕಿಣ್ವ ಎಂದು ತಿಳಿದವರಿಗೆ ಮಾತ್ರ ಅದು ಬೇರೆ ಪದ. ಆದ್ದರಿಂದಲೂ ‘ಕಿಣ್ವ’ ಎಂದು ಬಿಡಿಸಿ ಹೇಳುವುದು ಮೇಲು.

ಇಷ್ಟೆಲ್ಲ ಹಟ ಯಾಕೆ ಎಂದರೆ ಕೊಡಗಿನ ಮಣ್ಣಿನ ಕತೆ ಹೇಳಬೇಕು. ನಮ್ಮದು ಹುಳಿ ಮಣ್ಣು. ಮಳೆಗಾಲದ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಉಳಿದ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. “ಎಷ್ಟು ಹಾಕಿದ್ರೂ ಮಣ್ಣೇ ತಿಂದ್ಬಿಡ್ತದೆ” ಎಂದು ಬೆಳೆಗಾರರು ಹೇಳುವುದು ಇದನ್ನೇ. ಸುಣ್ಣ ಹಾಕುವುದು, ರಾಕ್ ಫಾಸ್ಫೇಟ್ ಹಾಕುವುದು ಎಲ್ಲ ಇದರ ಸುತ್ತಲಿನ ಕೆಲಸ. ಫಾಸ್ಫೇಟ್ ಮಣ್ಣಿನಲ್ಲಿ ಹರಿದಾಡುವುದೂ ಕಡಿಮೆ. ಕಾಫಿ ಬೇರು ತನ್ನ ಪಕ್ಕದಲ್ಲಿರುವುದನ್ನು ಹೀರಿ ಮುಗಿಸಿದ ಮೇಲೆ ದೂರದ್ದು ತಾನಾಗಿ ಹತ್ತಿರ ಬರುವುದಿಲ್ಲ.

ಅಲ್ಲಿ ಸಹಾಯಕ್ಕೆ ಬರುವುದು ಬೇರಿನ ಜೊತೆ ಬದುಕುವ ಶಿಲೀಂಧ್ರ, ಮೈಕೊರೈಜಾ. ಇದನ್ನು ‘ಅಣಬೆ’ ಎಂದು ಬರೆಯಬೇಡಿ ಎಂದು ಕೈಪಿಡಿಯವರಿಗೆ ಹೇಳಿದ್ದೇನೆ. ಅಣಬೆ ಎಂದರೆ ಇಲ್ಲಿಯ ಜನಕ್ಕೆ ಮಳೆಗಾಲದ ಕುಮ್ಮ್ ಕರಿ ನೆನಪಾಗುತ್ತದೆ. ಕಾಫಿ ಬೇರಿನ ಈ ಶಿಲೀಂಧ್ರ ಅಂಥ ಕೊಡೆಯನ್ನು ಬಿಡುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಅದರ ಎಳೆಗಳು ಬೇರುರೋಮಕ್ಕಿಂತ ಸಣ್ಣ, ಬೇರು ತಲುಪದ ಸಂದಿಗೆ ನುಗ್ಗುತ್ತವೆ. ಅಲ್ಲಿ ಫಾಸ್ಫೇಟನ್ನು ಹೀರಿ ಎಳೆಯೊಳಗೆ ಸರಪಳಿಯಾಗಿ ಸೇರಿಸುತ್ತವೆ. ಆ ಸರಪಳಿ ಎಳೆಯ ಒಳಗಿನ ರಸಕುಳಿಗಳಲ್ಲಿ, ಅಂದರೆ ರಸ ತುಂಬಿದ ಚೀಲಗಳಲ್ಲಿ, ಕುಳಿತು ಬೇರಿನ ಕಡೆ ಸಾಗುತ್ತದೆ. ಬಿಡಿ ಫಾಸ್ಫೇಟನ್ನು ಹಾಗೇ ತುಂಬಿಕೊಂಡರೆ ಕೋಶದೊಳಗಿನ ದ್ರಾವಣದ ಹದ ಕೆಡುತ್ತದೆ, ನೀರು ಒಳನುಗ್ಗುತ್ತದೆ. ಸರಪಳಿ ಮಾಡಿದರೆ ನೂರು ಫಾಸ್ಫೇಟ್ ಸೇರಿ ಒಂದೇ ಅಣು ಆಗುತ್ತದೆ, ಆ ತೊಂದರೆ ಇಲ್ಲ.

ಬೇರಿನ ಕೋಶದೊಳಗೆ ಶಿಲೀಂಧ್ರ ಪುಟ್ಟ ಮರದಂತೆ ಕವಲೊಡೆಯುತ್ತದೆ. ಆರ್ಬಸ್ಕ್ಯುಲ್ ಎನ್ನುವುದು ಅದಕ್ಕೇ. ಸರಪಳಿ ಕಳಚುವುದು ಮುಖ್ಯವಾಗಿ ಅಲ್ಲಿಯೇ. ಕಳಚಿ ಬಿಡಿಯಾದ ಫಾಸ್ಫೇಟ್ ಶಿಲೀಂಧ್ರದಿಂದ ಹೊರಬಂದು ಗಿಡಕ್ಕೆ ಸೇರುತ್ತದೆ. ಗಿಡ ಪ್ರತಿಯಾಗಿ ಸಕ್ಕರೆ, ಕೊಬ್ಬಿನಂಶ ಕೊಡುತ್ತದೆ. ಕಳಚುವ ಕೆಲಸ ಆಗದಿದ್ದರೆ ದಾಸ್ತಾನು ಬಂದು ಬೇರಿನ ಬಾಗಿಲಲ್ಲೇ ನಿಲ್ಲುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಈ ಸಾಲಿನಲ್ಲಿ ‘ಪಾಲಿಫಾಸ್ಫೇಟ್ ವಿಘಟನೆಗೊಂಡು ನಾಶವಾಗುತ್ತದೆ’ ಎಂದು ಕರಡಿನಲ್ಲಿತ್ತು. ಓದಿದ ಬೆಳೆಗಾರ ಏನೆಂದುಕೊಳ್ಳಬೇಕು? ಹಾಕಿದ ಗೊಬ್ಬರ ಹಾಳಾಯಿತು ಅಂತ ತಾನೇ? ಆಗುತ್ತಿರುವುದು ಅದರ ತಿರುವುಮುರುವು. ‘ನಾಶ’ವನ್ನು ಹೊಡೆದುಹಾಕಿ ‘ಕಳಚಿ ಬಿಡಿಯಾಗುತ್ತದೆ’ ಎಂದು ಬರೆದಿದ್ದೇನೆ.

ಇನ್ನೊಂದು ಸೂಕ್ಷ್ಮ ಇದೆ. ‘ಕಿಣ್ವ ಸರಪಳಿಯನ್ನು ಒಡೆದು ಜೀವಕೋಶಕ್ಕೆ ಶಕ್ತಿ ಕೊಡುತ್ತದೆ’ ಎಂಬ ವಾಕ್ಯವೂ ಕರಡಿನಲ್ಲಿತ್ತು. ಸರಪಳಿಯ ಬಂಧದಲ್ಲಿ ಶಕ್ತಿ ಇದೆ, ನಿಜ. ಆದರೆ ತುದಿಗಳಚು ಕಿಣ್ವ ನೀರಿನಿಂದ ಕೊಂಡಿ ಬಿಡಿಸಿದಾಗ ಆ ಶಕ್ತಿ ಎಟಿಪಿಯಾಗಿ ಉಳಿಯುವುದಿಲ್ಲ, ಬಿಸಿಯಾಗಿ ಹೋಗುತ್ತದೆ. ಉಳಿಯುವುದು ಫಾಸ್ಫೇಟ್ ಮಾತ್ರ. ಬ್ಯಾಕ್ಟೀರಿಯಾದಲ್ಲಿ ಸರಪಳಿ ಕಟ್ಟುವ ಕಿಣ್ವ ಬೇರೆ, ಪಾಲಿಫಾಸ್ಫೇಟ್ ಕೈನೇಸ್. ಅದು ಹಿಂದಕ್ಕೂ ಓಡಬಲ್ಲದು, ಸರಪಳಿಯ ಫಾಸ್ಫೇಟನ್ನು ಎಡಿಪಿಗೆ (ಎಟಿಪಿಗಿಂತ ಒಂದು ಫಾಸ್ಫೇಟ್ ಕಡಿಮೆ ಇರುವ ಅಣು) ದಾಟಿಸಿ ಎಟಿಪಿ ಮಾಡಬಲ್ಲದು. ‘ದಾಟಿಸು’ ಮತ್ತು ‘ಕಳಚು’ ಎಂಬ ಎರಡು ಪದ ಇಟ್ಟುಕೊಂಡರೆ ಈ ವ್ಯತ್ಯಾಸ ತಾನಾಗಿ ನಿಲ್ಲುತ್ತದೆ. ಎರಡಕ್ಕೂ ‘ವಿಘಟನೆ’ ಎಂದರೆ ಕಲಸಿಹೋಗುತ್ತದೆ.

ಈ ಕೈನೇಸನ್ನು 1956ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಅವರ ಪತ್ನಿ ಸಿಲ್ವಿ ಇ. ಕೋಲಿಯಲ್ಲಿ ಗುರುತಿಸಿದರು. ಡಿಎನ್‌ಎ ಕಟ್ಟುವ ಕಿಣ್ವದ ಕೆಲಸಕ್ಕೆ 1959ರಲ್ಲಿ ಆರ್ಥರ್ ಅವರಿಗೆ ನೊಬೆಲ್ ಬಂತು. ಎಷ್ಟೋ ವರ್ಷದ ನಂತರ ಅವರು ಮತ್ತೆ ಪಾಲಿಫಾಸ್ಫೇಟಿಗೇ ಮರಳಿದರು. ಇ. ಕೋಲಿಯ ತುದಿಗಳಚು ಕಿಣ್ವ ಮತ್ತು ಅದರ ಜೀನಿನ ವಿವರ 1993ರಲ್ಲಿ ಅವರ ಪ್ರಯೋಗಾಲಯದಿಂದಲೇ ಬಂತು. ಕಟ್ಟುವ ಕಿಣ್ವದ ಜೀನ್, ಕಳಚುವ ಕಿಣ್ವದ ಜೀನ್ ಎರಡೂ ಅಕ್ಕಪಕ್ಕ ಒಂದೇ ಆಪರಾನಿನಲ್ಲಿವೆ, ಅಂದರೆ ಒಟ್ಟಿಗೆ ಕೆಲಸಕ್ಕಿಳಿಯುವ ಜೀನುಗಳ ಸಾಲಿನಲ್ಲಿವೆ. ನೊಬೆಲ್ ಬಂದ ಮೇಲೂ, ಬೇರೆಯವರು ಅಷ್ಟಾಗಿ ಗಮನ ಕೊಡದ ಒಂದು ಅಣುವಿನ ಹಿಂದೆ ಹೋದ ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಕಟ್ಟುವುದೂ ಕಳಚುವುದೂ ಒಟ್ಟಿಗೇ ಇದ್ದರೆ ದಾಸ್ತಾನು ಹೇಗೆ ಬೆಳೆಯುತ್ತದೆ ಎಂದು ಕೇಳಬಹುದು. ಇ. ಕೋಲಿಗೆ ಅಮೈನೋ ಆಮ್ಲ ಸಾಲದೆ ಹಸಿವಾದಾಗ ಅದು ಒಂದು ಎಚ್ಚರಿಕೆಯ ಅಣುವನ್ನು ಮಾಡಿಕೊಳ್ಳುತ್ತದೆ. ಆ ಅಣು ಕಳಚುವ ಕಿಣ್ವದ ಕೈ ಕಟ್ಟುತ್ತದೆ. ಕಟ್ಟುವ ಕಿಣ್ವ ಮಾತ್ರ ನಡೆಯುತ್ತಲೇ ಇರುತ್ತದೆ, ಸರಪಳಿ ರಾಶಿಯಾಗುತ್ತದೆ. ಆ ರಾಶಿ ಲಾನ್ ಎಂಬ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸಿ, ಸದ್ಯಕ್ಕೆ ಬೇಡವಾದ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಪ್ರೋಟೀನುಗಳನ್ನು ಕರಗಿಸಿ, ಅಮೈನೋ ಆಮ್ಲ ಒದಗಿಸುತ್ತದೆ. ಹೀಗೆ ಕಿಣ್ವದ ಕೈ ಕಟ್ಟುವುದಕ್ಕೆ ‘ತಡೆ’, ‘ನಿಗ್ರಹ’, ‘ಪ್ರತಿಬಂಧ’ ಎಂಬ ಮೂರರಲ್ಲಿ ‘ತಡೆ’ ಸಾಕು ಎಂದು ನನ್ನ ಅನಿಸಿಕೆ. ಚಿಕ್ಕದು, ಎಲ್ಲರ ಬಾಯಲ್ಲೂ ಇದೆ.

ಕೋಶದಲ್ಲಿ ಕೂಡಿಟ್ಟ ಪಾಲಿಫಾಸ್ಫೇಟಿನ ಚುಕ್ಕಿಗೂ ಒಂದು ಹೆಸರು ಬೇಕು. 1904ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆರ್ಥರ್ ಮೇಯರ್ ಅದಕ್ಕೆ ವೊಲ್ಯುಟಿನ್ ಎಂದು ಹೆಸರಿಟ್ಟರು. ಆಗ ಅದು ಫಾಸ್ಫೇಟ್ ಸರಪಳಿ ಎಂದು ಖಚಿತವಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಅದನ್ನು. ಯೀಸ್ಟ್ ಕೋಶಕ್ಕೆ ಟೊಲುಯಿಡಿನ್ ನೀಲಿ ಹಾಕಿದರೆ ಕೋಶವೆಲ್ಲ ತಿಳಿ ನೀಲಿ. ಒಳಗೆ ಅಲ್ಲಲ್ಲಿ ಚುಕ್ಕಿಗಳು, ಅವು ಮಾತ್ರ ಕೆಂಪು ಬೆರೆತ ನೇರಳೆ. ಹಾಕಿದ್ದು ಒಂದೇ ಬಣ್ಣ, ಕಂಡದ್ದು ಎರಡು. ಬಣ್ಣದ ಅಣುಗಳು ಸರಪಳಿಯ ಮೇಲೆ ಒತ್ತೊತ್ತಾಗಿ ಕೂರುವುದರಿಂದ ಹೀಗೆ ಬದಲಾಗುತ್ತದೆ. ಗಂಟಲಮಾರಿಯ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಗುರುತಿಸಲು ಆಲ್ಬರ್ಟ್ ಬಣ್ಣ ಹಾಕಿದಾಗ ಹಸಿರು ಕೋಲಿನ ತುದಿಯಲ್ಲಿ ಕಪ್ಪುನೀಲಿ ಚುಕ್ಕಿ ಕಾಣುತ್ತದಲ್ಲ, ಅದೂ ಈ ಪಾಲಿಫಾಸ್ಫೇಟೇ. ಕರಡಿನಲ್ಲಿ ‘ವರ್ಣಪರಿವರ್ತಕ ಕಣಿಕೆ’ ಎಂದಿದೆ. ‘ಬಣ್ಣಗೆಡುವ’ ಎಂದರೆ ಬಣ್ಣ ಮಾಸಿದಂತಾಗುತ್ತದೆ, ಬೇಡ. ‘ಫಾಸ್ಫೇಟ್ ಹರಳು’ ಎಂದು ಬರೆಯಲೇ ಎಂದರೆ ಹರಳು ಎಂಬುದು ಸ್ಫಟಿಕವೆಂದು ತಪ್ಪು ತಿಳಿವಳಿಕೆ ಕೊಡುತ್ತದೆ. ಸದ್ಯಕ್ಕೆ ‘ಫಾಸ್ಫೇಟ್ ಕಣ’ ಎಂದೇ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ನನ್ನ ಹೆಸರುಗಳಿಗೆ ಒಂದು ಗಟ್ಟಿ ಆಕ್ಷೇಪ ಬರಬಹುದು, ಅದನ್ನೂ ಮುಂದಿಡುತ್ತೇನೆ. ಯೀಸ್ಟಿನ ರಸಕುಳಿಯಲ್ಲಿ ಪಿಪಿಎನ್1 ಎಂಬ ಕಿಣ್ವವಿದೆ. ಅದು ನಡುವೆಯೂ ಕತ್ತರಿಸುತ್ತದೆ, ತುದಿಯಿಂದಲೂ ಕಳಚುತ್ತದೆ. ಮೆಗ್ನೀಷಿಯಂ ಇದ್ದಾಗ ಕತ್ತರಿಯ ಕೆಲಸ ಮುಂದು, ಕೋಬಾಲ್ಟ್ ಇದ್ದಾಗ ಕಳಚುವ ಕೆಲಸ ಮುಂದು. ಇದಕ್ಕೆ ಯಾವ ಹೆಸರು? ‘ತುದಿಗಳಚು’, ‘ನಡುಗತ್ತರಿ’ ಎರಡನ್ನೂ ಕೆಲಸದ ಹೆಸರಾಗಿ ಇಟ್ಟುಕೊಂಡು, ಆಯಾ ಪ್ರೋಟೀನನ್ನು ಪಿಪಿಎನ್1, ಪಿಪಿಎಕ್ಸ್1 (ಮೇಲೆ ಹೇಳಿದ ಯೀಸ್ಟಿನ ತುದಿಗಳಚು ಕಿಣ್ವ) ಎಂದೇ ಕರೆಯಬಹುದು ಅನ್ನುವುದು ನನ್ನ ಪರಿಹಾರ. ‘ಪಿಪಿಎನ್1 ನಡುಗತ್ತರಿ ಕೆಲಸವನ್ನೂ ತುದಿಗಳಚು ಕೆಲಸವನ್ನೂ ಮಾಡುತ್ತದೆ’ ಎಂದರೆ ವಾಕ್ಯ ತಡವರಿಸುವುದಿಲ್ಲ. ‘ವಿಘಟಕ’ ಇಟ್ಟುಕೊಂಡವರಿಗೆ ಇದನ್ನು ಹೇಳಲು ಬಾಯೇ ಇಲ್ಲ.

ಕೊಡವ ತಕ್ಕ್ ಮತ್ತು ಅರೆಭಾಷೆ ಆಡುವವರು ಈ ಬಳಗದಲ್ಲಿ ಹಲವರಿದ್ದೀರಿ. ನಿಮ್ಮ ಮನೆಮಾತಿನಲ್ಲಿ ಸರದ ಕೊಂಡಿ ಬಿಡಿಸುವುದಕ್ಕೆ, ಗೊಂಚಲಿನಿಂದ ಕಾಳು ಬಿಡಿಸುವುದಕ್ಕೆ ಬೇರೆ ಬೇರೆ ಕ್ರಿಯಾಪದ ಇದೆಯೇ, ಒಂದೇ ಇದೆಯೇ? ಇದ್ದರೆ ಬರೆಯಿರಿ, ಕೈಪಿಡಿ ಓದುವವರಲ್ಲಿ ಅರ್ಧಕ್ಕರ್ಧ ಆ ಮಾತಿನವರೇ. ಸಸ್ಯಶಾಸ್ತ್ರ, ಜೀವರಸಾಯನ ಪಾಠ ಮಾಡುವವರು ‘ತುದಿಗಳಚು’ ತರಗತಿಯಲ್ಲಿ ನಿಲ್ಲುತ್ತದೋ ಇಲ್ಲವೋ ಹೇಳಿ. ಅಚ್ಚಿಗೆ ಹೋಗಲಿರುವ ವಾಕ್ಯ ಇದು: “ಶಿಲೀಂಧ್ರದ ಎಳೆಯೊಳಗೆ ಬಂದ ಫಾಸ್ಫೇಟ್ ಸರಪಳಿಯನ್ನು ತುದಿಗಳಚು ಕಿಣ್ವ ಒಂದೊಂದೇ ಕೊಂಡಿಯಾಗಿ ಕಳಚುತ್ತದೆ, ಬಿಡಿಯಾದ ಫಾಸ್ಫೇಟನ್ನು ಕಾಫಿ ಗಿಡ ಹೀರಿಕೊಳ್ಳುತ್ತದೆ.” ಇದನ್ನು ಒಮ್ಮೆ ಜೋರಾಗಿ ಓದಿ, ನಾಲಿಗೆ ಎಲ್ಲಿ ತೊಡರುತ್ತದೆ ಎಂದು ತಿಳಿಸಿ.